ರಿಬ್ಬನ್ನಿನ ನದಿ, ಉಣ್ಣೆಯ ಕೆಸರು

ಶೆಬಾಯ್ಗನ್, ವಿಸ್ಕಾನ್ಸಿನ್
ಮಾರ್ಚ್ ೯, ಭಾನುವಾರ

ಮುದ್ದಿನ ಮಾರೆನ್,

ಹೇಗಿದ್ದೀಯ ಮಗಳೇ? ಅಲಾಸ್ಕದ ಚಳಿಗೆ ಒಡೆದ ಬೆರಳುಗಳು ವಾಸಿಯಾದವೇ? ನಾನು ಕಳಿಸಿದ ಮುಲಾಮನ್ನು ನೀನೇ ಹಚ್ಚಿಕೋ, ಹಡಗಿನವರಿಗೆಲ್ಲ ಹಂಚಿ ಖಾಲಿ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಮಂಡಿಯೊಂದು ಮಾತ್ರ ಹಟ ಹಿಡಿದಿದೆ.

ನಿಮ್ಮಪ್ಪನ ಸುದ್ದಿ ಹೇಳಬೇಕು. ನಮ್ಮ ನೆಲಮಾಳಿಗೆಯ ಶನಿವಾರದ ಆಟ ನಿನಗೆ ಗೊತ್ತೇ ಇದೆ. ಅಪ್ಪ ಕಥೆ ಕಟ್ಟುವುದು, ಅವರ ಹಳೇ ಗೆಳೆಯರು ಡೇಲ್ ಮತ್ತು ಪೆಗ್ ಬಿಲ್ಲುಗಾರನೋ ಮಾಟಗಾತಿಯೋ ಆಗಿ ದಾಳ ಉರುಳಿಸುವುದು, ಕಾಳಗ ಬಂದಾಗ ಅಪ್ಪ ಬರೆದ ಚೌಕುಳಿ ನಕ್ಷೆಯ ಮೇಲೆ ಬೊಂಬೆಗಳನ್ನು ನಡೆಸುವುದು. ಕಣ್ಣು ಮಂಜಾದ ಮೇಲೂ ದಪ್ಪ ಪೆನ್ನು ಹಿಡಿದು ಹೇಗೋ ನಕ್ಷೆ ಬರೆಯುತ್ತಿದ್ದರು. ಜನವರಿಯಲ್ಲಿ ಒಂದು ಸಲ ಕೋಟೆಯ ಗೋಡೆಯನ್ನು ಕಾಗದ ದಾಟಿಸಿ ಮೇಜಿನ ಮೇಲೇ ಎಳೆದುಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಹಾಗೆ ಸುಮ್ಮನಾದದ್ದೇ ಅವರಿಗೆ ಎಲ್ಲವನ್ನೂ ತಿಳಿಸಿಬಿಟ್ಟಿತು. ಮರುದಿನ ದಾಳ, ಬೊಂಬೆ ಎಲ್ಲ ಪೆಟ್ಟಿಗೆಗೆ ತುಂಬಿ, "ಡೇಲ್‌ಗೆ ಕೊಟ್ಬಿಡು ಲೆನೋರ್, ಇನ್ನು ನನ್ನ ಕೈಲಾಗಲ್ಲ" ಎಂದರು. ಆಮೇಲೆ ಊಟಕ್ಕೆ ಕೂತರೂ ಮಾತಿಲ್ಲ. ಆ ಆಟದ ತಲೆಬುಡ ನನಗೆ ತಿಳಿಯದು, ಆದರೆ ಆ ಮೌನವನ್ನು ಸಹಿಸಲಾಗಲಿಲ್ಲ.

ಪೆಟ್ಟಿಗೆಯನ್ನು ಬಚ್ಚಿಟ್ಟು ನಾನೇ ನಕ್ಷೆ ಮಾಡಲು ಕೂತೆ. ತೆಳು ಹಲಗೆಯ ಮೇಲೆ ದಾರ ಅಂಟಿಸಿ ಚೌಕಗಳು, ಐಸ್‌ಕ್ರೀಮ್ ಕಡ್ಡಿಯ ಗೋಡೆ, ಉಪ್ಪುಕಾಗದದ ದಾರಿ, ನಿನ್ನ ಹಳೇ ರಿಬ್ಬನ್ನಿನ ನದಿ. ಅಪ್ಪನ ಉಣ್ಣೆಯ ಕಾಲುಚೀಲ ಕತ್ತರಿಸಿ ಕೆಸರು ಮಾಡಿದೆ (ಒಂದು ಕಾಲಿನದು ಮಾತ್ರ, ಅದನ್ನಿನ್ನೂ ಹುಡುಕುತ್ತಲೇ ಇದ್ದಾರೆ). ಮೊದಲ ಹಲಗೆಯಲ್ಲಿ ಚೌಕಗಳು ತೀರ ಚಿಕ್ಕವಾದವು. ಪೆಗ್ ಬಂದು ಬೊಂಬೆಗಳನ್ನು ಇಟ್ಟು ನೋಡಿ, "ಇದೇನೇ, ಬಸ್ಸಲ್ಲಿ ಸೀಟು ಸಿಗದೆ ನಿಂತ ಹಾಗೆ ನಿಂತಿದ್ದಾರೆ" ಎಂದು ನಕ್ಕಳು. ಎಲ್ಲ ಕಿತ್ತು ಹೊಸದಾಗಿ ಮಾಡಿದೆ.

ನಿನ್ನೆ ಡೇಲ್, ಪೆಗ್ ಇಬ್ಬರನ್ನೂ ಕರೆಸಿದೆ. ಅಪ್ಪ ಕೆಳಗಿಳಿಯಲು ಒಪ್ಪಲಿಲ್ಲ. "ಕನಿಕರ ತೋರ್ಸೋಕೆ ಬಂದ್ರಾ?" ಎಂದು ಮೆಟ್ಟಿಲ ಮೇಲಿಂದಲೇ ಗದರಿದರು. ಡೇಲ್ ಬಿಡುತ್ತಾನೆಯೇ? "ನಿನ್ನ ಮೇಲೆ ಯಾರಿಗೋ ಕನಿಕರ? ನನ್ನ ಬಿಲ್ಲುಗಾರ ಎರಡು ತಿಂಗಳಿಂದ ಕೋಟೆ ಮುಂದೆ ಉಪವಾಸ ನಿಂತಿದ್ದಾನೆ. ಬಂದು ಸಾಯ್ಸು, ಇಲ್ಲಾ ಬದುಕ್ಸು" ಎಂದ. ಗೊಣಗುತ್ತ ಇಳಿದರು. ಅವರ ಕೈ ಹಿಡಿದು ಹಲಗೆಯ ಮೇಲಿಟ್ಟೆ. ಬೆರಳುಗಳು ಗೋಡೆಗುಂಟ ಹೋದವು, ನದಿ ದಾಟಿದವು, ಒಂದು ಬೊಂಬೆಯ ಬಿಲ್ಲು ತಗುಲಿ ನಿಂತವು. ಅದರ ಕಾಲಡಿಯ ಉಣ್ಣೆಯನ್ನು ಎರಡು ಸಲ ಒತ್ತಿ ನೋಡಿದರು. ಆಮೇಲೆ ಕಥೆ ಹೇಳುವ ಆ ದನಿ ತೆಗೆದು, "ಡೇಲ್, ಕವಚ ತೊಟ್ಕೊಂಡು ಕೆಸರಲ್ಲಿ ನಿಂತಿದ್ದೀಯಲ್ಲೋ. ಮೊಣಕಾಲ್ ತನಕ ಹೂತೋಗಿದ್ದೀಯ. ಎದುರಿಗೇನೋ ಅಲುಗಾಡ್ತಿದೆ" ಎಂದರು. ಪೆಗ್ ಕಣ್ಣೊರೆಸಿಕೊಂಡಳು, ಡೇಲ್ ದಾಳ ಎತ್ತಿಕೊಂಡ.

ಅವರು ಹೋದಮೇಲೆ, "ನದಿಗೆ ಸೇತುವೆ ಹಾಕೋದೇ ಮರ್ತಿದ್ದೀಯಲ್ಲ, ಮಾರಾಯ್ತಿ" ಎಂದು ನನ್ನನ್ನೇ ದಬಾಯಿಸಿದರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿ ಬಹಳ ಕಾಲವಾಗಿತ್ತು. ಇವತ್ತು ಬೆಳಿಗ್ಗೆಯಿಂದ ಸೇತುವೆ ಕಟ್ಟುತ್ತಿದ್ದೇನೆ.

ಡೇಲ್, ಪೆಗ್ ಇಬ್ಬರೂ ನಿನ್ನನ್ನು ನೆನೆಸಿಕೊಂಡರು. ಬೆಚ್ಚಗಿರು ಕಂದ, ಸಮುದ್ರ ನಿನಗೆ ಸೌಮ್ಯವಾಗಿರಲಿ.

ನಿನ್ನ ಅಮ್ಮ,
ಲೆನೋರ್

ತಾ.ಕ.: ಅಪ್ಪ ಇತ್ತ ಬರುವ ಸದ್ದಾಗುತ್ತಿದೆ, ಕಾಗದ ಓದಿ ಹೇಳು ಎನ್ನುವ ಮೊದಲೇ ಬರೆದುಬಿಡುತ್ತೇನೆ. ಫೋನಿನಲ್ಲಿ ಅವರು ನಿನಗೆ ಹೇಳುವ "ಸ್ವಲ್ಪ ಮಂಜು, ಅಷ್ಟೇ" ನಿಜವಲ್ಲ. ಈಗ ಅವರಿಗೆ ಯಾರ ಮುಖವೂ ಕಾಣುವುದಿಲ್ಲ. ಮೇ ತಿಂಗಳಲ್ಲಿ ಬಂದಾಗ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ. ಅಪ್ಪಾ ಎಂದು ಕರೆಯುತ್ತಲೇ ಒಳಗೆ ಬಾ.