ವಾಸನಿ ಬಂದ ಕೂಡ್ಲೆ ಇಳಸು

ನಾಗಪುರ
೧೧ ಜೂನ್ ೨೦೦೩, ಬುಧವಾರ ಮಧ್ಯಾಹ್ನ

ಪ್ರೀತಿಯ ಅವ್ವಾ,

ಕಾಗದ ಬರೆಯುವಾಗ ಮೊದಲು ಆರೋಗ್ಯ ಕೇಳಬೇಕು ಅಂತ ನೀನೇ ಕಲಿಸಿದ್ದಿ. ಇವತ್ತು ಸ್ವಲ್ಪ ತಡವಾಗಿ ಕೇಳುತ್ತೇನೆ, ಅದಕ್ಕೂ ಮೊದಲು ಒಂದು ಮಾತು ಬರೆದುಬಿಡಬೇಕು. ನನಗೆ ನಾಲ್ಕು ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ. ನೆಗಡಿಯಲ್ಲ. ಹೂವು, ಹೊಗೆ, ಹಿಂಗು, ಗಟಾರ, ಯಾವುದೂ ಬರುವುದಿಲ್ಲ. ಯಾರಿಗೂ ಹೇಳಿರಲಿಲ್ಲ. ಈಗ ಪೆನ್ನಿನಿಂದ ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಈಗ ಹೇಳು, ನೀನು ಹೇಗಿದ್ದೀ? ಬಲಗೈಯ ಸುಟ್ಟ ಗಾಯ ಪೂರ್ತಿ ಮಾಯಿತೇ, ಬೆರಳು ಮಡಚಲು ಬರುತ್ತದೆಯೇ? ಧಾರವಾಡದಲ್ಲಿ ಸೆಕೆ ಇಲ್ಲಿನಷ್ಟು ಇರಲಾರದು. ಉಮಾಪತಿ ಮಾಮಾ ನಿನ್ನನ್ನು ಅಡಿಗೆಮನೆಗೆ ಬಿಡುತ್ತಾನೋ ಅಥವಾ ಅಲ್ಲಿಯೂ ಪಡಸಾಲೆಯಲ್ಲೇ ಕೂಡಿಸುತ್ತಾನೋ? ಅವನು ಅಪ್ಪನಿಗೆ ಬರೆದ ಕಾಗದ ಓದಿದೆ. ನೀನು ಸೊಂಟದಲ್ಲಿ ಒಂದು ಸಣ್ಣ ವಹಿ ಸಿಕ್ಕಿಸಿಕೊಂಡು "ಹಾಲು ಇಳಿಸಿದೆ", "ಬಾಗಿಲು ಹಾಕಿದೆ" ಅಂತ ಬರೆದುಕೊಳ್ಳುತ್ತೀಯಂತೆ. ಬರೆದ ಮೇಲೂ ಎದ್ದು ಹೋಗಿ ನೋಡಿ ಬರುತ್ತೀಯಂತೆ. ಬರುವ ಸೋಮವಾರ ತಲೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮರೆವಿಗೆ ಮಾತ್ರೆ ಶುರು ಮಾಡಿಸುತ್ತಾರಂತೆ. ಅದನ್ನು ಓದಿದ ಮೇಲೆ ನನಗೆ ಸುಮ್ಮನೆ ಕೂಡಲು ಆಗಲಿಲ್ಲ. ಬೂತಿಗೆ ಹೋಗಿ ಎರಡು ಸಲ ಮಾಮಾನ ನಂಬರು ಹಚ್ಚಿ, ಅವನ "ಹಲೋ" ಕೇಳಿ ಇಟ್ಟುಬಿಟ್ಟೆ. ಇದು ಅವನ ಕಿವಿಗೆ ಹೇಳುವ ಮಾತಲ್ಲ. ಕೆಳಗಿನ ಮನೆಯ ಲೀಲಾ ಕಾಕು ಇವತ್ತು ಸಂಜೆಯ ಗಾಡಿಗೆ ಧಾರವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕೊಡುತ್ತೇನೆ. ನಿನ್ನ ಕೈಗೇ ಕೊಡಿ ಅಂತ ಹೇಳಿದ್ದೇನೆ.

ನನ್ನ ಮೂಗಿನ ಕಥೆ ಮೊದಲಿನಿಂದ ಹೇಳುತ್ತೇನೆ. ಹತ್ತನೆಯ ಇಯತ್ತೆಯಲ್ಲಿ ಭೂಮಿತಿಯ ತಾಸು ತಪ್ಪಿಸಿ ಸದರ್ ಬಡಾವಣೆಯ ಶಾಲೆಯ ಹಿಂದಿನ ಗೋಡೆ ಜಿಗಿದೆ. ಕಾಲು ಜಾರಿ ಹಿಮ್ಮುಖ ಬಿದ್ದೆ, ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು. ನೀನು ಎಣ್ಣೆ ಹಚ್ಚುವಾಗ ಗಂಟು ನೋಡಿ ಕೇಳಿದ್ದಿ, ನಾನು ಕ್ರಿಕೆಟ್ ಚೆಂಡು ಅಂದೆ. ನಾಲ್ಕೈದು ದಿನದ ಮೇಲೆ ನೀನು ಸಾರು ಬಡಿಸಿದಿ, ಬಿಸಿನೀರಿಗೆ ಉಪ್ಪು ಹುಳಿ ಹಾಕಿದಂತಿತ್ತು. "ಹೆಂಗಾಗೇತಿ?" ಅಂತ ಕೇಳಿದಿ. "ಚಲೋ ಆಗೇತಿ" ಅಂದೆ. ಹೇಳಿದರೆ ಗೋಡೆಯ ವಿಷಯ ಹೇಳಬೇಕಿತ್ತು. ಆಮೇಲೆ ಶಾಲೆಯನ್ನೇ ಬಿಟ್ಟೆ, ಗೋಡೆ ಮುಚ್ಚಿಡುವ ಅಗತ್ಯ ಉಳಿಯಲಿಲ್ಲ, ಆದರೆ ಅಷ್ಟರಲ್ಲಿ "ಚಲೋ ಆಗೇತಿ" ಅನ್ನುವುದು ರೂಢಿಯಾಗಿತ್ತು. ನಾನು ಸುಳ್ಳು ಹೇಳುವುದಿಲ್ಲ ಅಂತ ನೀನು ಓಣಿಯ ತುಂಬ ಹೇಳಿಕೊಳ್ಳುತ್ತಿದ್ದಿ. ಶಾಲೆಗೆ ಹೋಗುವುದಿಲ್ಲ ಅಂತ ಹೆಡ್ ಮಾಸ್ತರ ಮುಂದೆ ನಿಂತೇ ಹೇಳಿದವನು ನಾನು, ಅದಂತೂ ಖರೆ. ದಿನಕ್ಕೆ ಎರಡು ಸಲ ಊಟದ ತಾಟಿನ ಮುಂದೆ ಹೇಳಿದ್ದು ಮಾತ್ರ ಸುಳ್ಳು.

ಅದು ಹೊರಬಿದ್ದದ್ದು ಹೋದ ವಾರ ಅಂಗಡಿಯಲ್ಲಿ. ಗ್ಯಾರೇಜು, ಪ್ರೆಸ್ಸು ಎರಡನ್ನೂ ಬಿಟ್ಟು ಸದರಿನ ಮೋಟರ್ ವೈಂಡಿಂಗ್ ಅಂಗಡಿ ಸೇರಿದ್ದು ನಿನಗೆ ಗೊತ್ತು. ಈ ಸೆಕೆಯಲ್ಲಿ ನಾಗಪುರದ ಕೂಲರುಗಳೆಲ್ಲ ನಮ್ಮ ಬಾಗಿಲಲ್ಲೇ ಬಿದ್ದಿರುತ್ತವೆ. ಒಂದು ಮೋಟರ್ ಸರಿ ಇದೆ ಅಂತ ನಾನು ಕಟ್ಟಿ ಕಳಿಸಿದ್ದೆ, ಅದು ತಾಸಿನೊಳಗೆ ಸುಟ್ಟು ತಿರುಗಿ ಬಂತು. ಕೆಲಸ ಕಲಿಸುವ ಉಸ್ತಾದ್ ಕಾಯಿಲ್ ಬಿಚ್ಚಿ ನನ್ನ ಮೂಗಿಗೆ ಹಿಡಿದ. "ಸೂಂಘ್ ಬೇಟಾ, ಸೂಂಘ್! ಕುರುಡನೂ ಹೇಳುತ್ತಾನೆ ಇದು ಮೊದಲೇ ಸುಟ್ಟದ್ದು ಅಂತ. ಇದು ಮೂಗೋ, ಕನ್ನಡಕ ಇಡುವ ಗೂಟವೋ?" ಎಲ್ಲರೂ ನಕ್ಕರು. ನಾನು, "ಉಸ್ತಾದ್, ನನಗೆ ವಾಸನೆ ಬರುವುದಿಲ್ಲ" ಅಂದೆ. ಅಷ್ಟು ಸುಲಭವಾಗಿ ಬಾಯಿಂದ ಬಂತು ಅವ್ವಾ. ಅವನು ನಗು ನಿಲ್ಲಿಸಿ ನನ್ನ ಮುಖ ನೋಡಿದ. ಬೈದರೆ ಬಾಗಿಲಾಚೆ ಕೇಳುವಂತೆ ಬೈಯುವ ಮನುಷ್ಯ, ಮರುದಿನ ತನ್ನ ಲೂನಾದ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಬಿಟ್ಟು ಬಂದ.

ಅಲ್ಲಿ ರಾಗಿಣಿ ಅನ್ನುವ ಡಾಕ್ಟರು, ನನಗಿಂತ ಆರೇಳು ವರ್ಷ ದೊಡ್ಡವರಿರಬೇಕು. ಕಣ್ಣು ಮುಚ್ಚಿಸಿ ಒಂದೊಂದೇ ಬಾಟಲಿ ಹಿಡಿದರು. ಕಾಫಿ ಅಂತೆ, ಲವಂಗ ಅಂತೆ, ಕರ್ಪೂರ ಅಂತೆ, ನನಗೆ ಎಲ್ಲವೂ ಬರೀ ಗಾಳಿ. ಕೊನೆಯದಕ್ಕೆ ಮಾತ್ರ ಕಣ್ಣಲ್ಲಿ ನೀರು ಬಂದು ಹಿಂದೆ ಸರಿದೆ. ಬಂತು, ಬಂತು ಅಂತ ಕೂಗಿಯೂ ಬಿಟ್ಟೆ. ಅವರು ತಲೆ ಅಲ್ಲಾಡಿಸಿದರು. ಅದು ಅಮೋನಿಯಾ, ಅದರ ಉರಿಯನ್ನು ಹಿಡಿಯುವುದು ಮುಖದ ಬೇರೊಂದು ನರವಂತೆ. ಉಳ್ಳಾಗಡ್ಡಿಗೆ ನನಗೆ ಕಣ್ಣೀರು ಬರುವುದು, ಒಗ್ಗರಣೆಯ ಮೆಣಸಿನಕಾಯಿಗೆ ಸೀನುವುದು, ಎಲ್ಲ ಆ ನರದ ಕೆಲಸ. ನೀನೂ ಮೋಸ ಹೋದದ್ದು ಅದರಿಂದಲೇ. ನಾಲಿಗೆಯೂ ಸರಿಯಾಗಿಯೇ ಇದೆ, ಆದರೆ ಅದಕ್ಕೆ ಗೊತ್ತಾಗುವುದು ಉಪ್ಪು, ಹುಳಿ, ಸಿಹಿ, ಕಹಿ ಇಂಥ ನಾಲ್ಕೈದು ಸಂಗತಿ ಮಾತ್ರ. ಸಾರನ್ನು ಸಾರು ಮಾಡುವುದು ಮೂಗು.

ಮೇಜಿನ ಮೇಲೆ ಅರ್ಧ ಸೀಳಿದ ತಲೆಯ ಗೊಂಬೆ ಇತ್ತು. ಮೂಗಿನ ಮಾಳಿಗೆಯಲ್ಲಿ ಒಂದು ಎಲುಬು, ನಿನ್ನ ಹಿಟ್ಟಿನ ಸಾಣಿಗೆಯಂತೆ ತೂತು ತೂತು. ಆ ತೂತುಗಳಲ್ಲಿ ಹಾಯ್ದು ವಾಸನೆಯ ಎಳೆಗಳು ಮಿದುಳಿಗೆ ಹೋಗುತ್ತವೆ, ನಮ್ಮ ಅಂಗಡಿಯ ಅತಿ ಸಣ್ಣ ತಾಮ್ರದ ತಂತಿಗಿಂತ ಸಣ್ಣವು. ಹಿಂದಕ್ಕೆ ಬಿದ್ದಾಗ ಮಿದುಳು ಒಮ್ಮೆ ಜಗ್ಗುತ್ತದೆ, ಎಳೆಗಳು ಆ ತೂತಿನ ಅಂಚಿನಲ್ಲಿ ಕತ್ತರಿಸಿ ಹೋಗುತ್ತವೆ. ನನಗೆ ತಕ್ಷಣ ತಿಳಿಯಿತು, ಮೋಟರ್ ಚೆನ್ನಾಗಿದೆ, ಕರೆಂಟೂ ಇದೆ, ನಡುವೆ ತಂತಿ ಕಡಿದಿದೆ. ಮೂಗಿನೊಳಗಿನ ಆ ಎಳೆಗಳು ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತವಂತೆ, ಆದರೆ ನಾಲ್ಕು ವರ್ಷವಾದ ಮೇಲೆ ದಾರಿ ಹುಡುಕಿಕೊಳ್ಳುವುದು ಕಷ್ಟ ಅಂದರು. ಇನ್ನೊಂದು ಮಾತೂ ಹೇಳಿದರು. ಕಣ್ಣಿನ ಸುದ್ದಿ, ಕಿವಿಯ ಸುದ್ದಿ ಮಿದುಳಿನ ನಡುವೆ ಒಂದು ಠಾಣೆಯಲ್ಲಿ ನಿಂತು ಮುಂದೆ ಹೋಗುತ್ತದೆ, ಗಾಡಿಗಳೆಲ್ಲ ಇಟಾರ್ಸಿ ಜಂಕ್ಷನ್ನಿನಲ್ಲಿ ನಿಂತ ಹಾಗೆ. ವಾಸನೆ ಮಾತ್ರ ಅಲ್ಲಿ ಇಳಿಯದೆ ನೆಟ್ಟಗೆ ನೆನಪಿನ ಮನೆಗೇ ಹೋಗುತ್ತದಂತೆ.

ಮನೆಗೆ ಬಂದು ಕಪಾಟು ತೆಗೆದು ನೀನು ಬಿಟ್ಟು ಹೋದ ಹಸಿರು ಸೀರೆಯಲ್ಲಿ ಮುಖ ಇಟ್ಟೆ. ಬರೀ ಬಟ್ಟೆ. ಮೆತ್ತಗಿತ್ತು, ಅಷ್ಟೇ. ನೀನು ಇದ್ದಾಗ ನಿನ್ನ ದನಿ ಇತ್ತು, ಬಳೆಯ ಸಪ್ಪಳ ಇತ್ತು, ಕೊರತೆ ಗೊತ್ತಾಗುತ್ತಿರಲಿಲ್ಲ. ಈಗ ಮನೆ ಗೋಡೆಗೆ ಹಾಕಿದ ಫೋಟೋದ ಹಾಗೆ ಇದೆ, ಕಾಣುತ್ತದೆ, ಒಳಗೆ ಹೋಗಲು ಬರುವುದಿಲ್ಲ. ಎಪ್ರಿಲಿನಲ್ಲಿ ಕೂಲರಿಗೆ ಲಾವಂಚದ ಬೇರಿನ ಹೊಸ ಖಸ್ ತಟ್ಟಿ ಕಟ್ಟಿ ನೀರು ಬಿಟ್ಟಾಗ ಅಪ್ಪ ಕಣ್ಣು ಮುಚ್ಚಿ "ಆಹಾ" ಅಂದರು. ನಾನೂ ಜೋರಾಗಿ ಉಸಿರೆಳೆದು "ಆಹಾ" ಅಂದೆ. ಅಪ್ಪ ಆರ್ಡನನ್ಸ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲೇ ಉಂಡು ಬರುತ್ತಾರೆ. ನಿನ್ನ ಸಾರಿನ ಪುಡಿ ಕೇಳಿಕೊಂಡು ಬ್ಯಾಂಕಿನ ವಿಜಯಾ ಬಾಯಿ ಇನ್ನೂ ಬರುತ್ತಾರೆ, ಬಾಗಿಲಲ್ಲೇ ನಿಂತು "ವತ್ಸಲಾಗ ಹಿಂಗಾಗಬಾರದಿತ್ತು" ಅಂದು ಹೋಗುತ್ತಾರೆ.

ಆ ದಿನದ ಮಾತಿಗೆ ಬರುತ್ತೇನೆ. ಫೆಬ್ರುವರಿಯಲ್ಲಿ ನೀನು ಪುಡಿಗೆ ಕೊತ್ತಂಬರಿ ಬೀಜ ಹುರಿಯಲು ಇಟ್ಟು ಲೀಲಾ ಕಾಕುವಿನ ಮನೆಗೆ ಇಳಿದು ಹೋದಿ. ನಾನು ಬಾಲ್ಕನಿಯಲ್ಲಿ ಕೂಲರಿನ ಪಂಪು ಬಿಚ್ಚಿಕೊಂಡು ಕೂತಿದ್ದೆ. ಎರಡೆರಡು ನಿಮಿಷಕ್ಕೆ ಎದ್ದು ಹೋಗಿ ಬಣ್ಣ ನೋಡಬೇಕು ಅಂದುಕೊಂಡೆ. ಎರಡು ಸಲ ನೋಡಿದೆ. ಮೂರನೆಯ ಸಲ ಪಂಪಿನಲ್ಲಿ ಮುಳುಗಿಹೋದೆ. ಕಣ್ಣು ಉರಿದಾಗ ತಿರುಗಿ ನೋಡಿದರೆ ಮನೆಯ ತುಂಬ ಹೊಗೆ, ಕಿಟಕಿಯ ಪರದೆ ಹತ್ತಿಕೊಂಡಿತ್ತು. ನೀನು ಮೆಟ್ಟಿಲು ಹತ್ತಿ ಓಡಿ ಬಂದು ಬರಿಗೈಯಲ್ಲೇ ಒಲೆಯ ಮೇಲಿನ ಕಬ್ಬಿಣದ ಹುರಿಯುವ ಬುಟ್ಟಿ ಎಳೆದಿ. ಅಪ್ಪ, ಲೀಲಾ ಕಾಕು, ಮೇಲಿನ ಮನೆಯವರು ಎಲ್ಲ ಕೂಡಿದರು. ಅವರ ಮುಂದೆ ನೀನು ನನ್ನನ್ನು ಒಂದು ಮಾತು ಕೇಳಿದಿ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಬೇಕು, ಮೂರು ಸಲ ಶುರು ಮಾಡಿದೆ, ಆಗಲಿಲ್ಲ. ಸಹಿ ಹಾಕುವುದರೊಳಗೆ ಧೈರ್ಯ ಬರಬಹುದು. ಆ ಉತ್ತರದ ಮೇಲೆಯೇ ಎಲ್ಲರೂ ನಿನಗೆ ಮರೆವು ಅಂದರು. ಆಮೇಲೆ ನೀನು ಚಷ್ಮಾ ಹುಡುಕಿದರೂ ಮರೆವು, ಕೀಲಿ ಹುಡುಕಿದರೂ ಮರೆವು. ತಿಂಗಳೊಳಗೆ ನೀನೂ ಅದನ್ನೇ ನಂಬಿದಿ, ಮಾಮಾ ಬಂದು ನಿನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದ.

ನಿನ್ನೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೈ ಎತ್ತುತ್ತಾರೆ ಅಂದುಕೊಂಡಿದ್ದೆ. ಅವರು ನಿನ್ನ ಪುಡಿಯ ಖಾಲಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೂಸಿದರು. ಬಹಳ ಹೊತ್ತು ಮೂಸಿದರು. ಮತ್ತೆ, "ಇನ್ನೂ ಐತಿ" ಅಂದರು. "ನನಗೇನ್ ಹೇಳ್ತಿ? ಆಕಿಗೆ ಹೇಳು. ನಾನೂ ಆಕಿ ಮಾತು ನಂಬಲಿಲ್ಲ" ಅಂದರು. ಅಷ್ಟೇ.

ಮಾಮಾನಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ಇದನ್ನು ಎದುರಿಗೆ ನಿಂತು ಹೇಳಲು ಹೋದರೆ ನೀನು "ಉಂಡಿಯೇನೋ?" ಅಂತ ಕೇಳುತ್ತೀ, ನಾನು ಮತ್ತೆ ಸುಳ್ಳು ಹೇಳುತ್ತೇನೆ. ಅದಕ್ಕೇ ಕಾಗದ ಮುಂದೆ ಕಳಿಸುತ್ತಿದ್ದೇನೆ.

ನಿನ್ನ ಕಾಲಿಗೆ ಬಿದ್ದು,
ನಿನ್ನ ಗೋವಿಂದ

ತಾ.ಕ.: ಲೀಲಾ ಕಾಕು ಬಾಗಿಲಲ್ಲಿ ನಿಂತಿದ್ದಾರೆ, ಆಟೋ ಬಂದಿದೆ. ಅವ್ವಾ, ಆ ದಿನ ನೀನು ಹೇಳಿದ್ದಿ. ಚಪ್ಪಲಿ ಮೆಟ್ಟುತ್ತ ಒಮ್ಮೆ, ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ, ಎರಡು ಸಲ ಹೇಳಿದ್ದಿ: "ವಾಸನಿ ಬಂದ ಕೂಡ್ಲೆ ಇಳಸು." ನಾನು "ಹೂಂ" ಅಂದಿದ್ದೆ. ಆಮೇಲೆ ಎಲ್ಲರ ಮುಂದೆ "ಹೇಳಿದ್ದೆನಲ್ಲೋ?" ಅಂತ ನೀನು ಕೇಳಿದಾಗ, "ಇಲ್ಲ, ನೀ ಹೇಳೇ ಇಲ್ಲ" ಅಂದೆ. ನಿನಗೆ ಮರೆವಿಲ್ಲ. ನಾನು ಬರುವ ತನಕ ಮಾತ್ರೆ ಶುರು ಮಾಡಬೇಡ, ಮಾಮಾನ ಮುಂದೆ ನಾನೇ ಹೇಳುತ್ತೇನೆ. ಹುರಿಯುವ ಬುಟ್ಟಿಯ ಮಸಿ ತಿಕ್ಕಿ ತೆಗೆದು ಚೀಲದಲ್ಲಿ ಹಾಕಿದ್ದೇನೆ. ಸಿಕಂದರಾಬಾದಿನಲ್ಲಿ ಗಾಡಿ ಬದಲಿಸಬೇಕು. ನಾಳೆ ಹೊರಡುತ್ತೇನೆ.