ಒಂದೇ ಅಳತೆಯ ಆರು ಪಟ್ಟಿ

ಹನ್ನೊಂದನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಅತ್ತೆ ಕಾಗದ ಬರೆದಿದ್ದಾಳೆ ಎಂದು ಹೌಹಾರಬೇಡ. ಯಾರಿಗೂ ಏನೂ ಆಗಿಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ನಿನ್ನ ನಾದಿನಿ ಮಾಡುವ ಚಹಾ ಇನ್ನೂ ನೀರು ನೀರಾಗಿಯೇ ಇದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮೂವತ್ತೆರಡು ವರ್ಷ ಪಾಠ ಹೇಳಿದವಳಿಗೆ ಅಷ್ಟಾದರೂ ಸುಖ ಬೇಡವೇ?

ಮೊದಲು ಹೊಗಳಿ ಮುಗಿಸುತ್ತೇನೆ. ನಿನ್ನನ್ನು ಎದುರಿಗೆ ಹೊಗಳಿದ ನೆನಪು ನನಗಿಲ್ಲ, ನಿನಗೂ ಇರಲಿಕ್ಕಿಲ್ಲ. ನಿನ್ನ ಮೇಲೆ ಮುನಿಸಿಕೊಂಡು ನಾನು ಮಗಳ ಮನೆಗೆ ಬಂದುಬಿಟ್ಟೆ ಎಂದು ಎಲ್ಲರೂ ತಿಳಿದಿದ್ದಾರೆ. ನಾನೂ ಕೇಳಿದವರಿಗೆಲ್ಲ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ. ಆದರೆ ನೀನು ಕೋರ್ಟಿನಲ್ಲಿ ಸಾಕ್ಷಿ ಹೇಳಿದ ದಿನ, ಹಿಂದಿನ ಬೆಂಚಿನಲ್ಲಿ ಕಂಬದ ಮರೆಗೆ ಕೂತಿದ್ದವಳು ನಾನೇ. ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಇಲ್ಲಿ ಸುಳ್ಳು ಹೇಳಿ ಬಂದಿದ್ದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನನ್ನ ಕಣ್ಣಿಗೆ ಅದು ಹೇಗೆ ಕಂಡಿತು ಎನ್ನುವುದು ನಿನಗೆ ಗೊತ್ತಿಲ್ಲ. ನಿನ್ನ ಮಗಳು, ನಮ್ಮ ದೊರೆಸಾನಿಗೆ ಆಗ ಒಂಬತ್ತು ತುಂಬಿತ್ತು. ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವಳಲ್ಲ, ಬೆರಳು ತೋರಿಸಿಯೇ ಮನೆಯವರನ್ನೆಲ್ಲ ಕುಣಿಸುತ್ತಾಳೆ ಎಂದು ನಾನೇ ಇಟ್ಟ ಹೆಸರು ಅದು. ಊರವರಿಗೆಲ್ಲ ಬಟ್ಟೆ ಹೊಲಿದುಕೊಡುವ ನಿನಗೆ ಅವಳ ಅಳತೆ ತೆಗೆಯುವುದೆಂದರೆ ದೊಡ್ಡ ಸರ್ಕಸ್ಸು. ಟೇಪಿನ ಒಂದು ತುದಿ ನಿನ್ನ ಕೈಯಲ್ಲಿದ್ದರೆ ಇನ್ನೊಂದು ಅವಳ ಬಾಯಲ್ಲಿ. ಆ ಭಾನುವಾರ ನೀನು ಹೊಸ ಅಂಗಿಯ ತೋಳಿಗೆಂದು ಅವಳ ಮಣಿಕಟ್ಟಿಗೆ ಟೇಪು ಸುತ್ತಿದೆ. ಮಗು ತಾನಾಗಿಯೇ ಹೋಗಿ ನಿನ್ನ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು, ಕಣ್ಣು ಮುಚ್ಚಿ ಅಲುಗಾಡದೆ ಕಾಯತೊಡಗಿತು.

“ಪರವಾಗಿಲ್ವೇ, ಶಾಲೇಲಿ ಚೆನ್ನಾಗಿ ಶಿಸ್ತು ಕಲಿಸಿದ್ದಾರೆ” ಎಂದೆ ನಾನು, ಬಾಗಿಲಲ್ಲಿ ಕೂತು. ಆ ಮಾತನ್ನು ನೆನೆದರೆ ಈಗಲೂ ನನ್ನ ನಾಲಿಗೆ ಕಹಿಯಾಗುತ್ತದೆ. ನೀನು ಟೇಪನ್ನು ಕೆಳಗೆ ಬಿಟ್ಟೆ. “ಅತ್ತೆ, ಇದು ಶಿಸ್ತಲ್ಲ. ಇವಳನ್ನ ಯಾರೋ ಕಟ್ಟಿಹಾಕ್ತಿದ್ದಾರೆ” ಎಂದೆ. ತೋಳು ಮಡಿಸಿ ನೋಡಿದರೆ ಎರಡೂ ಮಣಿಕಟ್ಟಿನ ಸುತ್ತ ಕಪ್ಪಗಿನ ಗೆರೆ. ಮಾತು ಬಾರದ ಮಗು ಅಷ್ಟು ಸ್ಪಷ್ಟವಾಗಿ ಹೇಳಿತ್ತು. ಅದನ್ನು ಕೇಳಿಸಿಕೊಂಡವಳು ನೀನೊಬ್ಬಳೇ.

ಮರುದಿನ ಹೇಳದೆ ಕೇಳದೆ ತರಗತಿಗೆ ನುಗ್ಗಿ ಅವಳ ಕುರ್ಚಿಯ ಕೆಳಗಿನಿಂದ, ಅವಳನ್ನು ಕಟ್ಟುತ್ತಿದ್ದ ಬಟ್ಟೆಯ ಪಟ್ಟಿಯನ್ನು ಎತ್ತಿಕೊಂಡು ಬಂದೆಯಲ್ಲ, ಆ ಧೈರ್ಯ ನಿನಗೆ ಎಲ್ಲಿಂದ ಬಂತೇ? ಸಂಜೆಯೊಳಗೆ ಶಾಲೆಯವರು ಆಯಾಳನ್ನು ಕೆಲಸದಿಂದ ತೆಗೆದು, ತಪ್ಪೆಲ್ಲ ಅವಳದೇ ಎಂದು ಪತ್ರ ಕಳಿಸಿ ಕೈ ತೊಳೆದುಕೊಂಡರು. ನನ್ನ ಮಗರಾಯ ಆ ಪತ್ರ ಓದಿ, ಸದ್ಯ ಮುಗಿಯಿತಲ್ಲ ಎಂದು ಉಸಿರು ಬಿಟ್ಟ. ನಾನೂ ಅವನ ಜೊತೆ ಸೇರಿ, “ಆಯಾನ ತೆಗೆದುಹಾಕಿದ್ರಲ್ಲ, ಇನ್ನೇನು ಬೇಕಂತೆ ನಿನಗೆ?” ಎಂದು ರೇಗಿದೆ.

ನೀನು ಹೊಲಿಗೆ ಯಂತ್ರದ ದೀಪ ಹಾಕಿ ಪಟ್ಟಿಯನ್ನು ಅದರಡಿ ಇಟ್ಟು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ, “ಅತ್ತೆ, ಇದು ಆಯಾ ಮಾಡಿದ್ದಲ್ಲ. ಅಳತೆ ಕೊಟ್ಟು ಹೊಲಿಸಿದ್ದು” ಎಂದೆ. ತುದಿಯಲ್ಲಿ ಚೌಕ ಹೊಡೆದು ಅದರೊಳಗೆ ಅಡ್ಡಗೆರೆ ಹಾಕಿದ್ದರು. ದಪ್ಪ ಸೂಜಿಯ ದೊಡ್ಡ ಯಂತ್ರವಿಲ್ಲದೆ ಹಾಗೆ ಹೊಲಿಯಲು ಆಗುವುದಿಲ್ಲವಂತೆ, ಬ್ಯಾಗಿನ ಹಿಡಿಕೆ ಕಿತ್ತುಬರದಿರಲಿ ಎಂದು ಹಾಕುವ ಹೊಲಿಗೆಯಂತೆ. ನನಗೆ ಪಟ್ಟಿ ಮಾತ್ರ ಕಂಡಿತ್ತು. ನಿನಗೆ ಅದರ ಹಿಂದೆ ಕೂತು ಆರ್ಡರ್ ಕೊಟ್ಟವರು ಕಂಡಿದ್ದರು.

ಆಯಾಳನ್ನು ಹುಡುಕಿಕೊಂಡು ಹೋದವಳೂ ನೀನೇ. ನಾನಾಗಿದ್ದರೆ ಕಪಾಳಕ್ಕೆ ಬಾರಿಸಿ ಬರುತ್ತಿದ್ದೆ. ನೀನು ಎರಡು ಗಂಟೆ ಕೂತು ಕೇಳಿದೆ. ಹದಿನಾಲ್ಕು ಮಕ್ಕಳಿಗೆ ಅವಳೊಬ್ಬಳು. ಊಟ, ಶೌಚ, ಬಸ್ಸು ಎಲ್ಲಕ್ಕೂ ಅದೇ ಎರಡು ಕೈ. ಇನ್ನೊಬ್ಬರನ್ನು ಕೊಡಿ ಎಂದು ಕೇಳಿದಳಂತೆ, ಶಾಲೆಯವರು ಪಟ್ಟಿ ಕೊಟ್ಟರಂತೆ. ಒಂದೇ ಅಳತೆಯ ಆರು ಪಟ್ಟಿ. “ನೀನು ಕಟ್ಟಿದ್ದು ತಪ್ಪೇ, ಅದನ್ನ ನಾನು ಬಿಟ್ಟುಕೊಡಲ್ಲ. ಆದ್ರೆ ನಿನ್ನ ಮರೆಯಲ್ಲಿ ಶಾಲೆ ಬಚ್ಚಿಟ್ಟುಕೊಳ್ಳೋಕೂ ಬಿಡಲ್ಲ” ಎಂದು ಅವಳಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿ ಬಂದೆಯಂತೆ. ನಾನು ಎಷ್ಟೋ ಮಕ್ಕಳಿಗೆ ನ್ಯಾಯದ ಪಾಠ ಮಾಡಿದ್ದೇನೆ. ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ.

ನೀನು ಕೇಸು ಹಾಕಿದ ಮೇಲೆ ಕೋರ್ಟಿನಲ್ಲಿ ಶಾಲೆಯ ವಕೀಲರು ನಗುತ್ತಾ, “ಬಟ್ಟೆ ಹೊಲಿಯೋರಿಗೆ ಶಾಲೆ ನಡೆಸೋ ಕಷ್ಟ ಹೇಗೆ ಗೊತ್ತಾಗ್ಬೇಕು?” ಎಂದಾಗ ನನಗೆ ಕಂಬದ ಹಿಂದಿನಿಂದಲೇ ಚಪ್ಪಲಿ ಎಸೆಯುವಷ್ಟು ಸಿಟ್ಟು ಬಂತು. ನೀನು ಸಿಟ್ಟು ಮಾಡಿಕೊಳ್ಳಲಿಲ್ಲ. “ಗೊತ್ತಿಲ್ಲ ಸರ್. ಗೊತ್ತಿರೋದನ್ನ ತೋರಿಸ್ತೀನಿ” ಎಂದು ಶಾಲೆಯವರೇ ಮಕ್ಕಳಿಗೆ ಕೊಡುವ ಬ್ಯಾಗನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಪಟ್ಟಿಯನ್ನಿಟ್ಟೆ. ಅದೇ ಬಟ್ಟೆ, ಅದೇ ನೀಲಿ ದಾರ, ಅದೇ ಚೌಕ. ನ್ಯಾಯಾಧೀಶರು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. ಬ್ಯಾಗು ಹೊಲಿಯುವವನು ಬಂದು, ಮುಖ್ಯೋಪಾಧ್ಯಾಯಿನಿಯೇ ಅಳತೆ ಬರೆದು ಕಳಿಸಿದ್ದರು, ಯಾತಕ್ಕೆಂದು ತಾನು ಕೇಳಲಿಲ್ಲ ಎಂದು ಹೇಳಿ ತಲೆ ತಗ್ಗಿಸಿದ. ಆ ಹೊತ್ತು ನಿನ್ನ ಬೆನ್ನು ನೋಡುತ್ತಾ, ಇವಳು ನನ್ನ ಸೊಸೆ ಎಂದು ಪಕ್ಕದಲ್ಲಿ ಕೂತಿದ್ದ ಯಾವುದೋ ಹೆಂಗಸಿಗೆ ಹೇಳಿಬಿಟ್ಟೆ. ಆಕೆ ಸರಿ ಎಂದು ತಲೆಯಾಡಿಸಿ ತನ್ನ ಕೇಸಿನ ಕಾಗದ ನೋಡಿಕೊಂಡಳು.

ಇದಕ್ಕೆ ಶಾಲೆಯೇ ಹೊಣೆ ಎಂದು ತೀರ್ಪು ಬಂತು. ಆರು ಮಕ್ಕಳಿಗೆ ಒಬ್ಬರಂತೆ ಆಯಾ ಇರಬೇಕು, ತರಗತಿಯ ಬಾಗಿಲಿಗೆ ಗಾಜು ಇರಬೇಕು, ತಂದೆತಾಯಿ ಯಾವಾಗ ಬಂದರೂ ಒಳಗೆ ಬಿಡಬೇಕು. ಇವು ಮೂರನ್ನೂ ಕೇಳಿ ಪಡೆದವಳು ನೀನು. ನಿನ್ನ ಮಗಳು ಈಗ ಆ ಶಾಲೆಗೇ ಹೋಗುವುದಿಲ್ಲ, ಆದರೂ ಕೇಳಿದೆ.

ಈಗ ಅವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ, ಬರುವ ಸೋಮವಾರ ವಿಚಾರಣೆ ಎನ್ನುವುದು ನಿನಗೆ ಗೊತ್ತೇ ಇದೆ. ಗೊತ್ತಿಲ್ಲದ್ದೊಂದನ್ನು ಹೇಳುತ್ತೇನೆ. ಮೊನ್ನೆ ಅವರ ವಕೀಲರು ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು. ಮೊದಲು ತಮಗೇನೂ ಗೊತ್ತಿಲ್ಲ ಎನ್ನುತ್ತಿದ್ದವರು ಈಗ ಬೇರೆ ರಾಗ ತೆಗೆದಿದ್ದಾರೆ. ಮಗುವನ್ನು ಮನೆಯಲ್ಲೂ ಕಟ್ಟುತ್ತಿದ್ದರು, ಮನೆಯವರ ಒಪ್ಪಿಗೆಯಿಂದಲೇ ಶಾಲೆಯಲ್ಲೂ ಹಾಗೆ ಮಾಡಿದೆವು ಎನ್ನುತ್ತಾರಂತೆ. ನಾನು ಬಂದು ಹೌದು ಎಂದು ಸಾಕ್ಷಿ ಹೇಳಿದರೆ ತೀರ್ಪು ಬಿದ್ದುಹೋಗುತ್ತದಂತೆ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಎರಡು ದಿನದಿಂದ ಅದೇ ಕೆಲಸ ಮಾಡುತ್ತಿದ್ದೇನೆ.

ನಿನ್ನಷ್ಟು ಗಟ್ಟಿ ಹೆಣ್ಣನ್ನು ನಾನು ಕಂಡಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು. ಮಗರಾಯನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲು ಹೇಳು. ದೊರೆಸಾನಿಗೆ ನನ್ನ ಮುತ್ತು.

ನಿನ್ನ ಅತ್ತೆ

ಮರೆತಿದ್ದ ಮಾತು: ಮರೆತಿರಲಿಲ್ಲ. ಇದನ್ನು ಬರೆಯಲಿಕ್ಕೆಂದೇ ಕೂತು ಇಷ್ಟು ಹಾಳೆ ತುಂಬಿಸಿದೆ. ವಕೀಲರು ಹೇಳಿದ್ದು ನಿಜ. ನೀನು ಹೊಲಿದ ಬಟ್ಟೆ ಕೊಡಲು ಹೊರಗೆ ಹೋದಾಗ ಮಗು ಒಮ್ಮೆ ರಸ್ತೆಗಿಳಿದುಬಿಟ್ಟಿತ್ತು. ಆಮೇಲೆ ನೀನು ಇಲ್ಲದ ಮಧ್ಯಾಹ್ನಗಳಲ್ಲಿ ಅವಳನ್ನು ನನ್ನ ಹಳೇ ಶಾಲಿನಿಂದ ಕುರ್ಚಿಗೆ ಕಟ್ಟಿ ಮಲಗುತ್ತಿದ್ದೆ. ಹೆದರಿಕೆ ಮೊದಲ ದಿನ ಮಾತ್ರ ಇತ್ತು. ಉಳಿದ ದಿನಗಳಲ್ಲಿ ನನಗೆ ನಿದ್ದೆ ಬೇಕಾಗಿತ್ತು, ಅಷ್ಟೇ. ನಾನು ಮನೆ ಬಿಟ್ಟದ್ದು ಮುನಿಸಿನಿಂದಲ್ಲ. ಪಟ್ಟಿಯ ಬೆನ್ನು ಹತ್ತಿದವಳು ನನ್ನ ತನಕ ಬಂದೇ ಬರುತ್ತೀ ಎಂದು ಹೆದರಿ ಓಡಿದೆ. ಆ ಮುಖ್ಯೋಪಾಧ್ಯಾಯಿನಿ ನನ್ನ ಹಳೇ ವಿದ್ಯಾರ್ಥಿನಿ. ಮಗು ಕೂತಲ್ಲಿ ಕೂರುವುದಿಲ್ಲ ಎಂದು ಅವಳು ಗೋಳಾಡಿದಾಗ, ನಾನು ಹೀಗೆ ಮಾಡುತ್ತೇನಮ್ಮ ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಇದೆಲ್ಲ ಮಗುವಿನ ತಾಯಿಗೆ ಗೊತ್ತೇ ಎಂದು ಕೇಳಿದಳು. ಗೊತ್ತಿಲ್ಲ, ಹೇಳಬೇಡ ಎಂದೆ. ಅವಳು ಹೇಳಲಿಲ್ಲ. ಮುಂದಿನ ತಿಂಗಳು ಆ ಆರು ಪಟ್ಟಿ ಹೊಲಿಸಿದಳು.

ಸೋಮವಾರ ಬರುತ್ತೇನೆ, ಈ ಸಲ ಕಂಬದ ಮರೆಗಲ್ಲ. ತಾಯಿಯನ್ನು ಕೇಳದೆ, ತಾಯಿಗೆ ಗೊತ್ತಾಗದ ಹಾಗೆ ಇದನ್ನು ನಡೆಸಿದವರು ಆ ಮುಖ್ಯೋಪಾಧ್ಯಾಯಿನಿ ಮತ್ತು ನಾನು ಎಂದು ಪೂರ್ತಿಯಾಗಿ ಹೇಳುತ್ತೇನೆ. ಈ ಕಾಗದವನ್ನು ಕೈಗೆ ಸಿಕ್ಕ ದಿನವೇ ನಿನ್ನ ವಕೀಲರಿಗೆ ತೋರಿಸು. ಆಮೇಲೆ ನನ್ನ ಜೊತೆ ಮಾತಾಡುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಕ್ಷಮಿಸಿದರೂ ಸರಿ, ದೊರೆಸಾನಿಯನ್ನು ಮಾತ್ರ ಇನ್ನು ಮುಂದೆ ನನ್ನ ಹತ್ತಿರ ಒಬ್ಬಳನ್ನೇ ಬಿಟ್ಟು ಹೋಗಬೇಡ.