ಬಾಣಂತಿಯ ತಲೆಗೆ ಕಟ್ಟಿದ ಬಟ್ಟೆ

ಫೆಬ್ರವರಿ ೩೦, ೨೨೮೬
ಕಪ್ಪತಗುಡ್ಡದ ಬುಡದಿಂದ

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ನಿಂಗಾಂಬೆಯ ನಮಸ್ಕಾರ.

ತಾರೀಖು ಕಂಡು ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಿ. ಹೆದರಿದವಳು ಬರೆಯುತ್ತಿರುವ ಕಾಗದ ಇದು.

ನಿಮ್ಮ ಕಾಲದಲ್ಲಿ ಉಣುಗು ಎಂದರೆ ದನದ ಕಿವಿಗೋ ನಾಯಿಯ ಕೊರಳಿಗೋ ಅಂಟಿ ರಕ್ತ ಹೀರುವ ಹುಳ, ಕಿತ್ತೆಸೆದರೆ ಮುಗಿಯಿತು ಎಂದುಕೊಂಡಿದ್ದಿರಂತೆ. ಅದರ ಎಂಜಲಿನಲ್ಲಿ ಬರುವ, ಕಣ್ಣಿಗೆ ಕಾಣದ ಪರಜೀವಿ ಈಗ ಮನುಷ್ಯರ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಜ್ವರ ಬರುತ್ತದೆ, ಮೂತ್ರ ಕೆಂಪಾಗುತ್ತದೆ. ಬೇಗ ತಿಳಿದರೆ ಔಷಧಿಯಿದೆ. ಅದಕ್ಕೇ ನಮ್ಮಲ್ಲಿ ಸಂಜೆಯ ಊಟಕ್ಕೆ ಮುಂಚೆ ಮೈನೋಟ. ಅಂದರೆ ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಎಂದು ಸಂದಿಗೊಂದಿ ಬಿಡದೆ ಮನೆಯವರು ಒಬ್ಬರನ್ನೊಬ್ಬರು ನೋಡುವುದು. ಜಗಳವಾಡಿದ ಗಂಡಹೆಂಡಿರೂ ಮುಖ ಊದಿಸಿಕೊಂಡೇ ಬೆನ್ನು ತೋರಿಸುತ್ತಾರೆ. ಮೈನೋಟ ಆಗದವರಿಗೆ ತಟ್ಟೆ ಇಡುವುದಿಲ್ಲ.

ನನ್ನ ತಂಗಿ ಸೋನವ್ವ ಬಾಣಂತಿ. ಶೀತವಾಗಬಾರದೆಂದು ಅವ್ವ ಅವಳ ತಲೆಗೂ ಕಿವಿಗೂ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ನಾನು ಮೈನೋಟಕ್ಕೆ ಹೋದಾಗಲೆಲ್ಲ, "ತಲಿ ಬಿಚ್ಚಬ್ಯಾಡವ್ವಾ, ಕಿವಿಗೆ ಗಾಳಿ ಹೊಕ್ಕೀತು. ಹೊಸ್ತಿಲಾ ದಾಟಿಲ್ಲ ಅಕಿ, ಉಣುಗು ಎಲ್ಲಿಂದ ಬರ್ತೈತಿ?" ಎನ್ನುತ್ತಿದ್ದಳು. ನನಗೂ ಸರಿಯೆನಿಸುತ್ತಿತ್ತು.

ಸೋನವ್ವ ಹೊಸ್ತಿಲು ದಾಟಿರಲಿಲ್ಲ, ನಿಜ. ಬಟ್ಟೆ ದಾಟಿತ್ತು. ಒಗೆದದ್ದನ್ನೆಲ್ಲ ಅವ್ವ ಹುಲ್ಲುಗಾವಲಿನ ಅಂಚಿನ ಬೇಲಿಯ ಮೇಲೆ ಹರವುತ್ತಿದ್ದಳು.

ಜ್ವರ ಬಂದಾಗ ಎದೆಹಾಲು ಕಟ್ಟಿರಬೇಕು ಎಂದೆವು. ಮೂತ್ರ ಕೆಂಪಾದಾಗ ಹೆರಿಗೆಯ ರಕ್ತಸ್ರಾವ ಎಂದುಕೊಂಡೆವು. ಅವಳು ಏದುಸಿರು ಬಿಡತೊಡಗಿದಾಗ ಅವ್ವನನ್ನು ಕೇಳದೆ ಬಟ್ಟೆ ಬಿಚ್ಚಿದೆ. ಎಡಗಿವಿಯ ಹಿಂದೆ ಹಳೆಯ ಕಡಿತದ ಕಲೆ. ಪಕ್ಕದಲ್ಲೇ ಇನ್ನೊಂದು ಉಣುಗು ತೊಗರಿಕಾಳಿನಷ್ಟು ಊದಿಕೊಂಡು ಕೂತಿತ್ತು. ವೈದ್ಯರು ಬಂದು ಔಷಧಿ ಕೊಟ್ಟರು, ತಡವಾಗಿತ್ತು. ಮೊನ್ನೆ ನನ್ನ ಸೋನಿ ತೀರಿಕೊಂಡಳು.

ಮಗುವಿನ ಕುಲಾವಿಯೂ ಅದೇ ಬೇಲಿಯ ಮೇಲೆ ಒಣಗುತ್ತಿತ್ತು. ಬಿಚ್ಚಿ ನೋಡಿದೆವು. ಕಿವಿಯ ಹಿಂದೆ ಸಣ್ಣದೊಂದು ಕೆಂಪು ಗುರುತಿದೆ. ಸೊಳ್ಳೆ ಕಚ್ಚಿದ್ದೂ ಇರಬಹುದು. ವೈದ್ಯರು ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋಗಿದ್ದಾರೆ, ಇನ್ನೂ ಏನೂ ಹೇಳಿಲ್ಲ. ಅವ್ವ ಈಗ ತಲೆಯ ಮೇಲೆ ಸೆರಗೂ ಹೊದೆಯುವುದಿಲ್ಲ. ಮಗುವಿನ ಬಳಿ ಕೂತು, "ಇನ್ನೊಮ್ಮೆ ನೋಡವ್ವಾ" ಎನ್ನುತ್ತಾಳೆ. ನಾನು ನೋಡುತ್ತೇನೆ.

ಹಿರಿಯರೇ, ಈ ಹುಳವನ್ನು ಹಗುರವಾಗಿ ಎಣಿಸಬೇಡಿ. ಹುಲ್ಲಿನಿಂದ ಬಂದ ಜನರನ್ನಷ್ಟೇ ಅಲ್ಲ, ಬಟ್ಟೆಯನ್ನೂ ಕೊಡವಿ ನೋಡಿ. ಪ್ರೀತಿಯಿಂದ ಮುಚ್ಚಿಟ್ಟಿದ್ದನ್ನು ಮೊದಲು ಬಿಚ್ಚಿ ನೋಡಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಮಗು ಅಳುತ್ತಿದೆ. ಹಸಿವಿಗೋ, ಜ್ವರಕ್ಕೋ, ಹೋಗಿ ಹಣೆ ಮುಟ್ಟಿ ನೋಡಬೇಕು.